ಜಂಬಣ್ಣ ಎಲ್ಲರಿಗೂ ಹಾಕಿಕೊಡುವ ಖಾತೆ

ನನ್ನ ಅಕ್ಷರ ಸೊಟ್ಟ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ, ಕ್ಷಮಿಸಿ. ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯ ಜಂಬಣ್ಣ, ಹೊಸ ಫೋನು ಯಾವ ಒಪ್ಪಿಗೆ ಕೇಳಿದರೂ ಓದದೆ ಒತ್ತುತ್ತಾನೆ. ಯಮನೇ ಕೇಳಿದರೂ ಒತ್ತಿಯಾನು. ಪಾಸ್‌ವರ್ಡ್ ಮರೆಯುವ ಹಳ್ಳಿಯವರಿಗೆ ಅನುಕೂಲವೆಂದು ಎಲ್ಲರ ಫೋನಿಗೂ, ಫೋಟೊಗಳೆಲ್ಲ ಹೋಗಿ ಕೂಡುವ ತನ್ನದೇ ಖಾತೆ ಹಾಕಿಕೊಡುತ್ತಾನೆ. “ನಿಮಗ್ಯಾಕ್ರಿ ಚಿಂತಿ? ನಾನದೀನಲ್ಲ!” ಎಂದು ಚಹಾ ಕುಡಿಸಿ ಕಳಿಸುತ್ತಾನೆ. ಇವತ್ತು ನಮ್ಮ ಫೋನಿನ ಫೋಟೊಗಳಲ್ಲಿ ಯಾರದೋ ಕುರಿಮಂದೆ, ಯಾವಳೋ ಬಸುರಿಯ ಕುಬಸದ ಶಾಸ್ತ್ರ, ಕೊನೆಗೆ ಮಗುವಿಗೆ ಹಾಲೂಡುತ್ತಿರುವ ಜಂಬಣ್ಣನ ಹೆಂಡತಿಯೇ ಕಂಡಳು. ಅಂಗಡಿಗೆ ಓಡಿಹೋಗಿ ಜಂಬಣ್ಣನಿಗೆ ತೋರಿಸಿದೆ. “ಅಣ್ಣಾ, ಖಾತೆ ಒಂದೇ ಅಲ್ಲೇನ್ರಿ? ಅತ್ತಿಗಿ ಫೋಟೊ ಎಲ್ಲಾರ ಫೋನಿಗೂ ಹೋಗೈತಿ.” “ಯವ್ವಾ, ತಗಿ ಅದನ್ನ, ಲಗೂನ ತಗಿ!” ಎಂದು ಫೋನು ಕಸಿದುಕೊಂಡ, ಎಲ್ಲಿ ಒತ್ತಬೇಕೆಂದು ಅವನಿಗೇ ತಿಳಿಯಲಿಲ್ಲ. ಡಾಕ್ಟರಿಗೆ ತೋರಿಸಲೆಂದು ನಾನು ತೆಗೆದ ಅವ್ವನ ಎದೆಯ ಗಡ್ಡೆಯ ಫೋಟೊವೂ ಹಾಗೆಯೇ ಎಲ್ಲರ ಫೋನಿಗೂ ಹೋಗಿದೆ. ಅವ್ವನಿಗೆ ಇನ್ನೂ ಗೊತ್ತಿಲ್ಲ. ಅದನ್ನು ಅಳಿಸಿ, ಬೇರೆಯವರು ಹೇಳುವ ಮೊದಲು ನಾನೇ ಅವ್ವನಿಗೆ ಹೇಳುತ್ತೇನೆ.