ಗಟ್ಟಿಯ ಅಂಚು ಹುಡುಕುವ ಬೆರಳು

ನಾನು ವೈದ್ಯಶಾಸ್ತ್ರ ಕಲಿತವನಲ್ಲ, ಸಂಜೆ ಕ್ಲಾಸಿನಲ್ಲಿ ಓದಿ ಪಾಸಾದವನು. ಲಸಿಕೆಯವರ ಜೊತೆಗಿದ್ದು ಕಂಡದ್ದನ್ನು ಬರೆಯಲು ಅಳುಕುತ್ತಲೇ ಕುಳಿತಿದ್ದೇನೆ. ತಪ್ಪಿದ್ದರೆ ತಿಳಿದವರು ಕ್ಷಮಿಸಿ ತಿದ್ದಬೇಕು.

ಬೆಳಕು ಹರಿಯುವ ಹೊತ್ತು. ವೇಣೂರಿನ ಶಾಲೆಯ ಜಗಲಿಯಲ್ಲಿ ರುಕ್ಮಯ್ಯ ಕಣ್ಣು ಮುಚ್ಚಿ, ಹುಡುಗಿಯೊಬ್ಬಳ ಮುಂಗೈಯನ್ನು ಬೆರಳ ತುದಿಯಿಂದ ತಡವುತ್ತಿದ್ದಾರೆ. 1953ರಲ್ಲಿ ಕ್ಷಯದ ಲಸಿಕೆ ಹಾಕುವ ಬಿ.ಸಿ.ಜಿ. ತಂಡ ಸೇರಿದ ಅವರಿಗೆ ಇದು ಆರನೆಯ ವರ್ಷ. ಕ್ಷಯದ ಪರೀಕ್ಷೆಗೆಂದು ಮೂರು ದಿನದ ಹಿಂದೆ ಚುಚ್ಚಿದ ಜಾಗ ಗಟ್ಟಿಯಾಗಿದೆಯೇ ಎಂದು ನೋಡಿ, ಅಡಿಪಟ್ಟಿ ಇಟ್ಟು ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುವುದು ಅವರ ಕೆಲಸ. ಗಟ್ಟಿಯಾಗದವರಿಗೆ ಲಸಿಕೆ. ದಿನಕ್ಕೆ ನಾನೂರು ಕೈ. ಬಂಟ್ವಾಳದಿಂದ ಮೂಡಬಿದ್ರೆಯವರೆಗೆ, ಬಸ್ಸಿಲ್ಲದ ಕಡೆಗೆಲ್ಲ ನಡಿಗೆ. ರೋಗ ತರುವವನೆಂದು ಬಾಗಿಲು ಹಾಕಿಕೊಂಡ ಮನೆಗಳೂ ಇವೆ.

"ಕೆಂಪನ್ನು ನಾನು ನಂಬುವುದಿಲ್ಲ. ಕೆಂಪು ಯಾವುದಕ್ಕೂ ಆಗ್ತದೆ. ಗಟ್ಟಿಯಾದದ್ದು ಮಾತ್ರ ಲೆಕ್ಕ," ಎನ್ನುತ್ತಾರೆ ರುಕ್ಮಯ್ಯ.

ಈ ಹುಡುಗಿ ಸುಂದರಿಯ ಮುಂಗೈಯಿಡೀ ಕೆಂಪು. ಬಾವು ಇಳಿಯಲೆಂದು ತಾಯಿ ಸೇಸಮ್ಮ ಸುಣ್ಣ ಹಚ್ಚಿದ್ದಾರೆ. ಅವರ ಗಂಡ ತೀರಿದ್ದು ಕ್ಷಯದಿಂದ. ಮುಂದಿನ ತಿಂಗಳು ಮಗಳ ಮದುವೆ. ವರನ ಸೋದರಮಾವ ಸಂಕಪ್ಪ ಇದೇ ಸಾಲಿನಲ್ಲಿ ಹಿಂದೆ ನಿಂತಿದ್ದಾರೆ.

"ಹದಿನಾಲ್ಕು," ಎಂದು ರುಕ್ಮಯ್ಯ ಪಟ್ಟಿ ಬರೆಯುವವರಿಗೆ ಹೇಳುತ್ತಾರೆ.

"ಹಾಗಾದರೆ ಹುಡುಗಿಗೂ ಉಂಟು ಅಂತಾಯ್ತು. ಇನ್ನೊಮ್ಮೆ ಯೋಚನೆ ಮಾಡುವ," ಎನ್ನುತ್ತಾರೆ ಸಂಕಪ್ಪ. ಸೇಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ರೋಗ ಉಂಟು ಅಂತಲ್ಲ ಸಂಕಪ್ಪಣ್ಣ. ಆ ಕ್ರಿಮಿ ಯಾವಾಗಲೋ ಒಳಗೆ ಬಂದಿದೆ, ಮೈ ಅದರ ಗುರುತು ಇಟ್ಟುಕೊಂಡಿದೆ. ನಾವು ಅದರ ಸತ್ವ ಮಾತ್ರ ಚುಚ್ಚಿದ್ದು. ಗುರುತು ಹಿಡಿದು ಮೈ ಜಗಳಕ್ಕೆ ಬಂತು. ನಿಮ್ಮ ಕೈ ಕೊಡಿ."

ರುಕ್ಮಯ್ಯ ಮತ್ತೆ ಕಣ್ಣು ಮುಚ್ಚುತ್ತಾರೆ. "ಹದಿನೇಳು."

ಸಾಲಿನಲ್ಲಿ ಯಾರೋ ಕೆಮ್ಮಿದಂತೆ ನಗುತ್ತಾರೆ.

"ನನಗೆ ಒಂದು ಶೀತ ಸಹ ಇಲ್ಲ ಮಾರಾಯ್ರೆ."

"ಅವಳಿಗೂ ಇಲ್ಲ."

ಇಬ್ಬರೂ ಮಂಗಳೂರಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಳ್ಳಲಿ ಎಂದೂ ರುಕ್ಮಯ್ಯ ಹೇಳುತ್ತಾರೆ. ಸಂಕಪ್ಪ ತಮ್ಮ ಕೈಯನ್ನೇ ತುಸು ಹೊತ್ತು ನೋಡಿ, ಅಂಗಿಯ ತೋಳು ಇಳಿಸಿ, ಮದುವೆಯ ಚಪ್ಪರಕ್ಕೆ ಎಷ್ಟು ತೆಂಗಿನ ಮಡಲು ಬೇಕಾದೀತು ಎಂದು ಸೇಸಮ್ಮನನ್ನು ಕೇಳುತ್ತಾರೆ.

ಹತ್ತು ವರ್ಷದ ಮೇಲೆ ಇದೇ ಕೈಗಳನ್ನು ಇನ್ನೊಮ್ಮೆ ಮುಟ್ಟಿ, ಆ ಗುರುತು ಉಳಿದಿದೆಯೇ ಎಂದು ನೋಡಬೇಕೆಂಬುದು ರುಕ್ಮಯ್ಯನವರ ಆಸೆ. ತಂಡ ತಿರುಗಿ ಬರುವುದು ಅಪರೂಪ.

ಆ ಗುರುತು ಮೈಯ ಯಾವ ಮೂಲೆಯಲ್ಲಿ ಉಳಿದಿರುತ್ತದೆ ಎಂದು ನಾನು ಅವರನ್ನು ಕೇಳಿದೆ. ತನಗೆ ಗೊತ್ತಿಲ್ಲ ಎಂದರು. ತಂಡದ ಡಾಕ್ಟರನ್ನು ಕೇಳಿದೆ. ಅವರೂ ಹಾಗೆಯೇ ಅಂದರು. ಸುಂದರಿಯ ಮೈಯಲ್ಲಿ ಆ ಕ್ರಿಮಿ ಮುಂದೆ ಎಂದಾದರೂ ತಲೆ ಎತ್ತೀತೇ, ಅದೂ ನನಗೆ ಗೊತ್ತಿಲ್ಲ.