ಇಪ್ಪತ್ತೇಳು ಡಿಗ್ರಿಯೇ ಸರಿ

ಈಶ್ವರಿ, ನೀನು ಬರೆದ ಉತ್ತರ ಸರಿಯಾಗಿತ್ತು. ಸರಿ ಎಂದು ಗೊತ್ತಿದ್ದೇ ನಾನು ಅದಕ್ಕೆ ಅಡ್ಡಗೆರೆ ಎಳೆದೆ. ಗೊತ್ತಿದ್ದೇ ನಿನ್ನನ್ನು ಫೇಲು ಮಾಡಿದೆ. ಆಮೇಲೆ ಕೊಂಬೈ ಊರಿನ ನಿಮ್ಮ ಮನೆಗೆ ಬಂದು, ನಿಮ್ಮಪ್ಪ ಕೊಟ್ಟ ಕಾಫಿ ಕುಡಿದು, ನಿನಗೆ ಫಿಸಿಕ್ಸ್ ತಲೆಗೆ ಹತ್ತುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಹೇಳಿ ಹಗುರಾದೆ ಎಂದುಕೊಳ್ಳಬೇಡ, ಹಗುರವೇನೂ ಆಗಲಿಲ್ಲ. ನೀನೆಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಣ್ಣೀರು ಸುರಿಸುತ್ತ ಬರೆಯುವ ಜಾತಿಯ ಮನುಷ್ಯ ನಾನಲ್ಲ.

ಆ ಲೆಕ್ಕ ನಿನಗೂ ನೆನಪಿದ್ದೀತು. ಒಳಗಿನ ಬಿಸಿ ಹೊರಗೆ ಹೋಗದ, ಹೊರಗಿನದು ಒಳಗೆ ಬಾರದ ಒಂದು ಪೆಟ್ಟಿಗೆ. ನಡುವೆ ತೆಳುವಾದ ಅಡ್ಡಗೋಡೆ. ಒಂದು ಕಡೆ ಇಪ್ಪತ್ತೇಳು ಡಿಗ್ರಿಯ ಅನಿಲ, ಇನ್ನೊಂದು ಕಡೆ ಏನೂ ಇಲ್ಲ — ಬರೀ ನಿರ್ವಾತ. ಗೋಡೆ ತೆಗೆದರೆ ಅನಿಲ ಪೆಟ್ಟಿಗೆಯ ತುಂಬ ಹರಡುತ್ತದೆ. ಈಗ ಅದರ ಉಷ್ಣತೆ ಎಷ್ಟು? ಹರಡಿದ ಅನಿಲ ತಣ್ಣಗಾಗಬೇಕು ಎಂದು ನಾನು ಹಿಂದೆಮುಂದೆ ನೋಡದೆ ಸೂತ್ರ ಹಾಕಿದೆ. ನಿಮ್ಮೆಲ್ಲರ ಕೈಯಲ್ಲಿ ಲಾಗ್ ಟೇಬಲ್ ತೆಗೆಸಿದೆ. ಸೊನ್ನೆಗಿಂತ ನಲವತ್ತಾರು ಡಿಗ್ರಿ ಕೆಳಗೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ. ಎಳೆಯುವಾಗ ಎಷ್ಟು ಜಂಬ ನನಗೆ!

ನೀನು ಎದ್ದು ಮೇಜಿನ ಹತ್ತಿರ ಬಂದೆ. ತಗ್ಗಿದ ದನಿಯಲ್ಲಿ, ನನಗೊಬ್ಬನಿಗೇ ಕೇಳುವಂತೆ, ನಮ್ಮ ಮನೆಮಾತು ಕನ್ನಡದಲ್ಲಿ ಹೇಳಿದೆ:

"ಸಾರ್, ಆ ಪಕ್ಕ ಒಂದೂ ಇಲ್ವೇ. ಯಾರ್‍ನ ತಳ್ಳೋದು? ತಳ್ದೇ ಇದ್ರೆ ಸೂಡು ಎಂಗೆ ತಗ್ಗುತ್ತೆ?" ತಳ್ಳದಿದ್ದರೆ ಬಿಸಿ ಹೇಗೆ ಇಳಿಯುತ್ತದೆ ಎಂದು.

ತರಗತಿಯಲ್ಲಿ ಮಿಕ್ಕವರೆಲ್ಲ ತಮಿಳು ಮಕ್ಕಳು. ನೀನಾಡಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಮಾನ ಉಳಿಸಲೆಂದೇ ನೀನು ಆ ಮಾತು ಆರಿಸಿಕೊಂಡೆ — ಅದು ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಯಾಕೆಂದರೆ ಆ ಶಾಲೆಯಲ್ಲಿ ನಾನು ಕನ್ನಡದವನೆಂದು ಯಾರಿಗೂ ಗೊತ್ತಿರಲಿಲ್ಲ. ಪೇಪರಿನಲ್ಲಿ ನದಿ ನೀರಿನ ಜಗಳ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಕನ್ನಡದವರನ್ನು ಬೈಯುತ್ತಿದ್ದರು, ನಾನೂ ಹೂಂಗುಟ್ಟುತ್ತಿದ್ದೆ. ನಮ್ಮ ಜನ ಈ ತಮಿಳು ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ನೆನಪಿಲ್ಲ. ಅಷ್ಟನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಕೊಂಬೈಯ ಯಾವುದೋ ಮದುವೆಯ ಪಂಕ್ತಿಯಲ್ಲಿ ನಾನು ಮನೆಮಾತಾಡುವುದನ್ನು ನೀನು ಕೇಳಿಸಿಕೊಂಡಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ — ನೀನು ಕಳ್ಳ ಎಂದೂ ಅನ್ನಲಿಲ್ಲ, ನಾನೇ ಮುಟ್ಟಿಕೊಂಡೆ.

"ತಮಿಳ್‌ಲ ಪೇಸು," ಎಂದು ಕಿರುಚಿದೆ. "ಎಲ್ಲಾರುಕ್ಕುಂ ಪುರಿಯಣುಂ." ತಮಿಳಿನಲ್ಲಿ ಮಾತಾಡು, ಎಲ್ಲರಿಗೂ ತಿಳಿಯಬೇಕು ಎಂದು.

ಮಕ್ಕಳು ನಕ್ಕರು. ನೀನು ನಗಲೂ ಇಲ್ಲ, ಅಳಲೂ ಇಲ್ಲ. ಹೋಗಿ ಕೂತೆ. ತಮಿಳಿನಲ್ಲಿ ಮತ್ತೆ ಹೇಳಿ ನನ್ನನ್ನು ಎಲ್ಲರೆದುರು ಬೀಳಿಸಬಹುದಿತ್ತು, ಹೇಳಲಿಲ್ಲ. ನಿನ್ನ ಆ ದೊಡ್ಡತನವನ್ನೇ ನಾನು ಸಹಿಸದೆ ಹೋದದ್ದು.

ಸಂಜೆ ಮನೆಯಲ್ಲಿ ಪುಸ್ತಕ ತೆಗೆದು ನೋಡಿದೆ. ಒಂದೇ ಸಾಲು ಸಾಕಿತ್ತು. ಅನಿಲ ಹರಡುವಾಗ ಎದುರಿಗಿರುವುದನ್ನು ತಳ್ಳಿದರೆ ಮಾತ್ರ ಅದರ ಶಕ್ತಿ ಖರ್ಚಾಗುತ್ತದೆ; ತಳ್ಳಲು ಏನೂ ಇಲ್ಲದಿದ್ದರೆ ಇಪ್ಪತ್ತೇಳು ಇಪ್ಪತ್ತೇಳೇ. ಮರುದಿನ ತಿದ್ದಿ ಹೇಳಬಹುದಿತ್ತು — ಮೇಷ್ಟರು ತಪ್ಪುವುದಿಲ್ಲವೇ, ಅದೇನು ಮಹಾ. ಹೇಳಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಅರ್ಧವಾರ್ಷಿಕ ಪರೀಕ್ಷೆಗೆ ಅದೇ ಲೆಕ್ಕ ಇಟ್ಟೆ, ನಿನಗಾಗಿಯೇ ಇಟ್ಟೆ. ನನ್ನ ಉತ್ತರ ಬರೆದು ಶರಣಾಗುತ್ತೀಯೋ ಇಲ್ಲವೋ ನೋಡೋಣ ಎಂದು. ನೀನು ಇಪ್ಪತ್ತೇಳು ಎಂದು ಬರೆದೆ. ಯಾಕೆ ಎಂಬುದನ್ನೂ ಚೊಕ್ಕವಾಗಿ ಬರೆದೆ. ನಾನು ಸೊನ್ನೆ ಹಾಕಿದೆ. ಮಿಕ್ಕ ಉತ್ತರಗಳಲ್ಲಿ ಅಲ್ಲಿ ಇಲ್ಲಿ ಕತ್ತರಿಸಿ ನೀನು ಪಾಸಾಗದಂತೆ ನೋಡಿಕೊಂಡೆ.

ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಬೇಕೆಂಬುದು ನಿನ್ನ ಆಸೆ, ನಿಮ್ಮಪ್ಪ ಚಿನ್ನಸಾಮಿಯಣ್ಣನೇ ಹೇಳಿದ್ದರು. ಅಂಕ ನೋಡಿ ಅವರು ಗಾಬರಿಯಾಗಿ ಹೇಳಿಕಳಿಸಿದರು. ನಾನು ಹೋದೆ. ಶಾಲೆಯಲ್ಲಿ ಬಚ್ಚಿಟ್ಟ ಮಾತನ್ನು ನಿಮ್ಮ ಜಗಲಿಯಲ್ಲಿ, ನೀನು ನಮ್ಮವರ ಹುಡುಗಿ ಎಂಬ ಸಲಿಗೆ ತೋರಿಸಿ, ನಾಚಿಕೆಯಿಲ್ಲದೆ ಬಿಚ್ಚಿದೆ:

"ಅಣ್ಣಾ, ನಮ್ಮ ಪುಳ್ಳೆ ಅಂತ ಹೇಳ್ತಿವ್ನಿ. ಇವಳ್ಗೆ ಪಿಸಿಕ್ಸು ಬರಾಕಿಲ್ಲ. ಕಾಮರ್ಸ್ ಗ್ರೂಪಿಗೆ ಮಾತ್ತಿಬುಡು."

ನೀನು ಬಾಗಿಲಲ್ಲೇ ನಿಂತಿದ್ದೆ. ನಿಮ್ಮಪ್ಪ ನಿನ್ನ ಗ್ರೂಪು ಬದಲಾಯಿಸಿಬಿಟ್ಟರು. ಅಷ್ಟೇ ಕತೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ — ಒಡ್ಡನ್‌ಛತ್ರದ ಮಾರ್ಕೆಟ್ಟಿನಲ್ಲಿ ಮೊನ್ನೆ ನಿನ್ನನ್ನು ನೋಡಿದೆ. ನಮ್ಮ ಮನೆಯಲ್ಲೊಂದು ಸಮಾರಂಭ, ನಾನು ತರಕಾರಿ ಕೊಳ್ಳಲು ಬಂದಿದ್ದೆ. ನಿನ್ನದೇ ಮಂಡಿಯಂತೆ. ನೀನು ನುಗ್ಗೆಕಾಯಿ ಕಟ್ಟುಗಳ ನಡುವೆ ನಿಂತು ಲಾರಿಯವನನ್ನು ಗದರುತ್ತಿದ್ದೆ. ಚೆನ್ನಾಗಿಯೇ ಇದ್ದೀಯ. ಒಂದು ಕ್ಷಣ, ಪರವಾಗಿಲ್ಲ, ನನ್ನಿಂದ ಇವಳಿಗೆ ಒಳ್ಳೆಯದೇ ಆಯಿತು ಎಂದುಕೊಂಡೆ — ಅಷ್ಟು ನೀಚ ನಾನು. ಹತ್ತಿರ ಬಂದು, "ಈಸ್ವರಿ, ಚೆಂದಾಕಿವ್ಯಾ?" ಎಂದೆ.

ನೀನು ತಲೆಯೆತ್ತಿ ನೋಡಿದೆ. ಗುರುತು ಹಿಡಿದೆ.

"ತಮಿಳ್‌ಲ ಪೇಸುಂಗ ಸಾರ್. ಎಲ್ಲಾರುಕ್ಕುಂ ಪುರಿಯಣುಂ."

ಅಂದವಳೇ ತಕ್ಕಡಿಯ ಕಡೆ ತಿರುಗಿದೆ. ಒಂದು ಹಿಡಿ ನುಗ್ಗೆಯನ್ನೂ ನನಗೆ ಕೊಡಬೇಡವೆಂದು ಕೂಲಿಯವನಿಗೆ ಹೇಳಿದೆ. ಅಲ್ಲೇ ನಿನ್ನ ಕೆನ್ನೆಗೆ ಹೊಡೆಯಬೇಕೆನಿಸಿತು. ಇಷ್ಟು ವರ್ಷ ಎದುರು ನಿಲ್ಲುವವರಿಲ್ಲದೆ ಹರಡಿಕೊಂಡ ಸಿಟ್ಟು ಒಂದು ಡಿಗ್ರಿಯೂ ಇಳಿದಿರಲಿಲ್ಲ. ಈ ಲೆಕ್ಕದಲ್ಲೂ ನಿನ್ನ ಉತ್ತರವೇ ಸರಿ.

ಮನೆಗೆ ಬಂದು ಇದನ್ನು ಬರೆಯತೊಡಗಿದೆ, ಕನ್ನಡ ಅಕ್ಷರದಲ್ಲಿ. ರಿಟೈರಾದ ಮೇಲೆ ಹಟ ಹಿಡಿದು ಕಲಿತ ಅಕ್ಷರ. ನಿನಗೆ ಇದು ಓದಲು ಬರುವುದಿಲ್ಲ, ನನಗೆ ಗೊತ್ತು. ಗೊತ್ತಿದ್ದೇ ಬರೆದೆ. ಇಷ್ಟರಮಟ್ಟಿಗೆ ಹೇಡಿ.

ಅರ್ಧಕ್ಕೆ ನಿಲ್ಲಿಸಿ ನಿನ್ನೆ ಕೊಂಬೈಗೆ ಹೋಗಿಬಂದೆ. ನಿಮ್ಮಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಬಳ್ಳಿ ಕತ್ತರಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಯುವವರೆಗೂ ಅವರು ಕತ್ತರಿ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿ, ಮೇಷ್ಟರೇ ಎಂದು ಕರೆದರು.

"ವಾತ್ಯಾರೇ, ಅವತ್ತು ನೀವು ತಮಿಳ್ನಾಗೆ ಹೇಳಿದ್ರೆ ಇನ್ನೊಬ್ಬ ವಾತ್ಯಾರ್‍ನ ಕೇಳ್ತಿದ್ದೆ. ನಮ್ಮ ಮಾತ್ನಾಗೆ ಹೇಳಿದ್ರಿ. ಅದ್ಕೇ ಯಾರ್‍ನೂ ಕೇಳ್ಲಿಲ್ಲ."

ಅವರು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದರು:

"ಅವಳ್ಗೆ ಹೇಳಿದ್ರಾ?"

"ಇಲ್ಲ."

"ಹೋಗಿ ಹೇಳಿ. ಮಾರ್ಕೆಟ್ನಾಗೆ ಹೇಳಿ. ತಮಿಳ್ನಾಗೇ ಹೇಳಿ." ಕಾಫಿಗೆ ಕರೆಯಲಿಲ್ಲ. ಬಳ್ಳಿಯ ಕಡೆ ತಿರುಗಿಕೊಂಡರು.

ನಾಳೆ ಬೆಳಿಗ್ಗೆ ಹೊರಡುತ್ತೇನೆ, ಲಾರಿಗಳು ತುಂಬುವ ಹೊತ್ತಿಗೆ, ಜನ ಇರುವಾಗ. ನೀನು ಕ್ಷಮಿಸಬೇಡ, ಕ್ಷಮಿಸಿದರೆ ನನಗೆ ಮತ್ತೆ ಸಿಟ್ಟು ಬರುತ್ತದೆ. ನಿನ್ನ ತಕ್ಕಡಿಯ ಮುಂದೆ ನಿಂತು ಆ ಲೆಕ್ಕವನ್ನು ಮೊದಲಿಂದ ಹೇಳುತ್ತೇನೆ — ಪೆಟ್ಟಿಗೆ, ಅಡ್ಡಗೋಡೆ, ಆ ಕಡೆ ಏನೂ ಇಲ್ಲ. ಉತ್ತರ ಇಪ್ಪತ್ತೇಳು, ನಾನು ತಪ್ಪು, ಈ ಹುಡುಗಿ ಸರಿ. ಎಲ್ಲರಿಗೂ ತಿಳಿಯುವ ಹಾಗೆ ಹೇಳುತ್ತೇನೆ.