ಅಣ್ಣನ ಶ್ರುತಿಯಲ್ಲಿ ನಾನು ಹಾಡಲಿಲ್ಲ

ಅಣ್ಣ ಎದೆನೋವಿನಿಂದ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅವನ ನಾಟಕ ತಂಡದವರು ಬರಗೂರಿನ ನಮ್ಮ ಮನೆಗೆ ಬಂದರು. ಅವನ ನೆನಪಿಗೆ ಶಿರಾದಲ್ಲಿ ಹಗಲು ನಾಟಕ ಆಡುತ್ತೇವೆ, ಪ್ರಾರ್ಥನೆ ತಂಗಿಯಾದ ನೀನೇ ಹಾಡಬೇಕು ಎಂದರು. ಒಪ್ಪಿಕೊಂಡೆ. ಆಮೇಲೆ ಹಾರ್ಮೋನಿಯಂ ಮೇಷ್ಟ್ರು, ಅಣ್ಣ ಹಾಡುತ್ತಿದ್ದ ಶ್ರುತಿಯಲ್ಲೇ ಹಾಡಬೇಕು ಎಂದರು. ತೀರಿಹೋದ ಪಾತ್ರಧಾರಿಯ ಶ್ರುತಿಯನ್ನು ಅವನ ವರ್ಷದ ನಾಟಕದಲ್ಲಿ ಇಳಿಸಬಾರದು ಎನ್ನುವುದು ಆ ತಂಡದ ಪದ್ಧತಿ.

ನಮ್ಮ ಕಡೆ ಪೌರಾಣಿಕ ನಾಟಕ ಆಡುವವರಿಗೆ ಶ್ರುತಿಯೆಂದರೆ ಮೀಸೆ ಇದ್ದಂತೆ. ಕೃಷ್ಣನ ಪಾರ್ಟಿನವನು ಎಷ್ಟು ಚೆನ್ನಾಗಿ ಹಾಡಿದ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಎತ್ತರದಲ್ಲಿ ಹಾಡಿದ ಎಂದು ಕೇಳುತ್ತಾರೆ. ಅಣ್ಣನೂ ಹಾಗೆ ಏರಿಸಿ ಹೆಸರು ಮಾಡಿದವನು. ಮಧುಗಿರಿ, ಕೊರಟಗೆರೆಗೆಲ್ಲ ಅವನನ್ನು ಕರೆಯುತ್ತಿದ್ದರು. ಪದ್ಯದ ಕೊನೆಯಲ್ಲಿ ಅವನ ಕುತ್ತಿಗೆಯ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು, ಜನ ಶಿಳ್ಳೆ ಹೊಡೆಯುತ್ತಿದ್ದರು. ದನಿ ಒಡೆದರೆ ಕಾಳುಮೆಣಸು ಅಗಿದು ಮತ್ತೆ ಹಾಡುತ್ತಿದ್ದ. ಒಂದು ಸಲ ಪಾವಗಡದಲ್ಲಿ ಹಾಡಿ ಬಂದವನಿಗೆ ಮೇಲಿನ ದನಿ ಹೋಯಿತು. ವಾಪಸ್ ಬರಲೇ ಇಲ್ಲ. ಉಳಿದದ್ದು ಮಾತಿಗಷ್ಟೇ ಸಾಲುವ ಗೊಗ್ಗರು ದನಿ.

ಆ ದನಿಯಲ್ಲೇ ನನಗೆ ಹಾಡು ಹೇಳಿಕೊಟ್ಟ. ಬೆಳಿಗ್ಗೆ ಬಾಯಿ ಮುಚ್ಚಿ ಗುನುಗಿಸುತ್ತಿದ್ದ. ತಿಂಗಳುಗಟ್ಟಲೆ ಕೆಳಗಿನ ಸ್ವರಗಳಲ್ಲೇ ಕೂರಿಸಿದ. ಮೇಲಿನ ಸ್ವರವನ್ನು ಮುಟ್ಟಿ ಬರಬೇಕು, ಅಲ್ಲಿ ನಿಂತು ಗುದ್ದಾಡಬಾರದು. ನನ್ನ ಗದ್ದ ಮೇಲೆದ್ದರೆ ಹಾರ್ಮೋನಿಯಂ ಮುಚ್ಚಿಬಿಡುತ್ತಿದ್ದ, ಅಲ್ಲಿಗೆ ಪಾಠ ಮುಗಿಯಿತು. ನೆಗಡಿಯಾದರೆ ಹಾಡೇ ಇಲ್ಲ. ಒಂದು ದಿನ ಸಿಟ್ಟು ಬಂದು, ನನಗೆ ಮೇಲಿನದೂ ಬರ್ತದೆ ಎಂದು ಹಟ ಹಿಡಿದೆ.

"ಬರ್ತದೆ ಕಣಮ್ಮ, ಇವತ್ತು ಬರ್ತದೆ. ಆಮೇಲೆ ಬರಾಕಿಲ್ಲ. ಎಳೇ ಕರೂನ ಯಾರಾದ್ರೂ ನೊಗಕ್ಕೆ ಕಟ್ತಾರಾ?" ಎಂದ.

ಕಟ್ಟಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಮೇಲಿನ ಎರಡು ಸ್ವರ ತಾವಾಗಿಯೇ ತೆರೆದುಕೊಂಡವು. ಆದರೂ ಅವನ ಎತ್ತರ ನನಗೆ ಇನ್ನೂ ದೂರವೇ.

ಇದನ್ನೇ ಮೇಷ್ಟ್ರಿಗೆ ಹೇಳಿದೆ. ಇಳಿಸಿಬಿಟ್ಟರೆ ಊರವರು ನಗುತ್ತಾರೆ, ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದರು. ಒಂದು ದಿನಕ್ಕೇ ಅಣ್ಣನಿಗೆ ಆಗಿತ್ತು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹಾಡ್ಬುಡಮ್ಮ, ಅವರ ದನಿ ಕೇಳ್ದಂಗಾಯ್ತದೆ" ಎಂದಳು. ಮೇಷ್ಟ್ರ ಮಾತಿಗಿಂತ ಇದು ಹೆಚ್ಚು ಚುಚ್ಚಿತು. ನನಗೂ ಅವನ ದನಿ ಬೇಕು. ಆದರೆ ನನಗೆ ಬೇಕಾದದ್ದು ಶಿಳ್ಳೆ ಹೊಡೆಸಿಕೊಂಡ ದನಿಯಲ್ಲ, ಒಡೆದ ಮೇಲೆ ನನ್ನ ಮುಂದೆ ಕೂತು ಪಾಠ ಹೇಳಿದ ದನಿ.

ನಾಟಕದ ದಿನ ಮೇಷ್ಟ್ರು ಹಳೆಯ ಶ್ರುತಿಯನ್ನೇ ಒತ್ತಿದರು. ನಾನು ಬಾಯಿ ತೆರೆಯಲಿಲ್ಲ. ಹಾಡಮ್ಮ ಎಂದು ಕಣ್ಸನ್ನೆ ಮಾಡಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮುಂದಿನ ಸಾಲಿನಿಂದ ಒಬ್ಬ, "ಏನ್ಲಾ ಇದು, ನಾಟಕಕ್ಕೆ ಮುಂಚೇನೇ ಯುದ್ಧ ಸುರುವಾಯ್ತಲ್ಲಾ" ಎಂದ. ಜನ ನಕ್ಕರು.

"ಎರಡು ಮನೆ ಇಳಿಸಿ ಮೇಷ್ಟ್ರೇ" ಎಂದೆ. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು.

ಅವರ ಬೆರಳು ಕೊನೆಗೂ ಹಾರ್ಮೋನಿಯಂನ ಕೆಳಗಿನ ಮನೆಗೆ ಸರಿಯಿತು. ಹಾಡಿದೆ. ಯಾರೂ ಶಿಳ್ಳೆ ಹೊಡೆಯಲಿಲ್ಲ. ಅತ್ತಿಗೆ ತಲೆ ಎತ್ತಲಿಲ್ಲ. ಇಳಿದು ಬಂದಾಗ ಮೇಷ್ಟ್ರು, ನಿಮ್ಮಣ್ಣನ ಮರ್ಯಾದೆ ತೆಗೆದೆ ನೀನು, ಇನ್ನು ಮುಂದೆ ಪ್ರಾರ್ಥನೆಗೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ನೋಡಿಕೊಳ್ಳಲಿ. ಮರುದಿನ ಬೆಳಿಗ್ಗೆ ಎದ್ದು ಒಬ್ಬಳೇ ಕೂತು ಗುನುಗಿದೆ. ದನಿ ಇದ್ದ ಹಾಗೇ ಇತ್ತು.